ಟೌನ್‌ಶಿಪ್ ನಗರವಾದ ಬಗೆ: ಮಿಸಿಸಾಗದ ವೃತ್ತಾಂತ

ಕೆನಡಾದ ಟೊರಾಂಟೊ ಮಹಾನಗರದ ಪಶ್ಚಿಮಕ್ಕೆ, ಒಂಟಾರಿಯೊ ಸರೋವರದ ತೀರದಲ್ಲಿ, ಸೇಬಿನ ತೋಟಗಳೂ ಸಣ್ಣ ಹಳ್ಳಿಗಳೂ ಇದ್ದ ಪ್ರದೇಶಕ್ಕೆ ಟೊರಾಂಟೊ ಟೌನ್‌ಶಿಪ್ ಎಂದು ಹೆಸರು. ಹೆಸರು ಟೊರಾಂಟೊ ಆದರೂ ಅದು ಆ ಮಹಾನಗರಕ್ಕೆ ಸೇರಿದ್ದಲ್ಲ. ದ್ವಿತೀಯ ಮಹಾಯುದ್ಧದ ತರುವಾಯ ಹೆದ್ದಾರಿಯೂ ಮಾಲ್ಟನ್ನಿನ ವಿಮಾನ ಕಾರ್ಖಾನೆಯೂ ಜನರನ್ನು ಸೆಳೆದವು, ತೋಟಗಳು ಬಡಾವಣೆಗಳಾದವು. 1959ರ ಫೆಬ್ರವರಿ 20ರಂದು ಸರ್ಕಾರವು ಯುದ್ಧವಿಮಾನ ಯೋಜನೆಯನ್ನು ರದ್ದುಗೊಳಿಸಲು, ಸಹಸ್ರಾರು ಮಂದಿ ಕೆಲಸ ಕಳೆದುಕೊಂಡರು. ಆದರೂ ಊರು ಬೆಳೆಯುವುದು ನಿಲ್ಲಲಿಲ್ಲ.

1967ರಲ್ಲಿ ಹೊಸ ಹೆಸರಿಗಾಗಿ ಮತ ಕೇಳಲಾಯಿತು. ಶೆರಿಡನ್ ಎಂಬುದನ್ನು ಬಿಟ್ಟು ಜನರು ಮಿಸಿಸಾಗ ಎಂಬುದನ್ನೇ ಆರಿಸಿದರು. ಅದು 1805ರಲ್ಲಿ ಅಲ್ಲಿನ ನೆಲವನ್ನು ಬ್ರಿಟಿಷರಿಗೆ ಬಿಟ್ಟುಕೊಟ್ಟ ಮೂಲನಿವಾಸಿ ಜನಾಂಗದ ಹೆಸರು. ನೆಲ ಕಳೆದುಕೊಂಡವರ ಹೆಸರನ್ನೇ ಆ ನೆಲಕ್ಕಿಟ್ಟರೆಂಬುದು ವಿಚಾರಾರ್ಹವಾಗಿದೆ.

1968ರಲ್ಲಿ ಅದು ಪಟ್ಟಣವಾಯಿತು. 1974ರ ಜನವರಿ 1ರಂದು ನೆರೆಯ ಪೋರ್ಟ್ ಕ್ರೆಡಿಟ್ ಹಾಗೂ ಸ್ಟ್ರೀಟ್ಸ್‌ವಿಲ್ ಪಟ್ಟಣಗಳನ್ನೂ ಒಳಗೊಂಡು ನಗರವೆನಿಸಿತು. ಸ್ಟ್ರೀಟ್ಸ್‌ವಿಲ್ಲಿನ ಮೇಯರ್ ಆಗಿದ್ದ ಹೇಝಲ್ ಮೆಕ್ಯಾಲಿಯನ್ ಎಂಬ ಮಹಿಳೆ ಈ ವಿಲೀನವನ್ನು ತೀವ್ರವಾಗಿ ವಿರೋಧಿಸಿದರು; ಫಲಿಸಲಿಲ್ಲ. ಆದರೆ 1978ರಲ್ಲಿ ಅವರೇ ಆ ಮಹಾನಗರದ ಮೇಯರಾಗಿ ಚುನಾಯಿತರಾಗಿ, 2014ರವರೆಗೆ ಮೂವತ್ತಾರು ವರ್ಷ ಆಡಳಿತ ನಡೆಸಿದರು. ಮರುವರ್ಷವೇ ಕ್ಲೋರಿನ್ ಹೊತ್ತ ರೈಲು ಹಳಿ ತಪ್ಪಿ ಸ್ಫೋಟಿಸಿದಾಗ ಎರಡು ಲಕ್ಷಕ್ಕೂ ಮಿಕ್ಕ ಜನರನ್ನು ಸ್ಥಳಾಂತರಿಸಲಾಯಿತು. ಒಂದು ಜೀವವೂ ಹೋಗಲಿಲ್ಲ.

2021ರ ಜನಗಣತಿಯಲ್ಲಿ ನಗರದ ಜನಸಂಖ್ಯೆ 7,17,961. ಸ್ಟ್ರೀಟ್ಸ್‌ವಿಲ್ಲಿನವರಾದರೋ, ವಿಲೀನದ ಹಿಂದಿನ ವರ್ಷವಾದ 1973ರಲ್ಲಿ ಆರಂಭಿಸಿದ ರೊಟ್ಟಿ-ಜೇನಿನ ಉತ್ಸವವನ್ನು ತಮ್ಮೂರಿನ ಹೆಸರಿನಲ್ಲಿಯೇ ಮುಂದುವರಿಸಿಕೊಂಡು ಬಂದಿದ್ದಾರೆ.