ಬೆಳ್ಳಿ ರೂಪಾಯಿಯ ದರ್ಜೆ ಮತ್ತು ಬೆಲೆ

ಹಳೆಯ ಬೆಳ್ಳಿ ನಾಣ್ಯ ಅಸಲಿಯೋ ನಕಲಿಯೋ, ಎಷ್ಟು ಸವೆದಿದೆ, ಅದರ ಮೈ ಹೇಗಿದೆ, ಅಂಥದ್ದು ಎಷ್ಟು ಉಳಿದಿವೆ ಎಂದು ನೋಡಿ ನ್ಯಾಯವಾದ ಬೆಲೆ ಹೇಳುವುದು ಬಹಳ ಹಿಂದಿನ ಕಸುಬು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಈ ಕೆಲಸದ ಅಧಿಕಾರಿಗೆ ರೂಪದರ್ಶಕ ಎಂಬ ಹೆಸರಿದೆ. ಕನ್ನಡದಲ್ಲಿ ಅವನು ಚಿನಿವಾರ. ಚಿನ್ನ ಬೆಳ್ಳಿಯ ಧಾರಣೆಗೆ ಕನ್ನಡ ಪತ್ರಿಕೆಗಳು ಕೊಡುವ ‘ಚಿನಿವಾರಪೇಟೆ’ ಎಂಬ ತಲೆಬರಹದಲ್ಲಿ ಆ ಮಾತು ಇಂದಿಗೂ ಬದುಕಿದೆ.

ಬೆಂಗಳೂರಿನ ಯಶವಂತಪುರದಲ್ಲಿ ಆಗಸ್ಟಸ್, ಟೈಬೀರಿಯಸ್ ಮೊದಲಾದ ರೋಮನ್ ಚಕ್ರವರ್ತಿಗಳ ಬೆಳ್ಳಿ ದಿನಾರಿಯಸ್‌ಗಳು ನೆಲದಡಿ ಸಿಕ್ಕಿದ್ದವು. ಕ್ರಿ.ಶ. 64ರಲ್ಲಿ ನೀರೋ ದಿನಾರಿಯಸ್ಸಿನ ತೂಕವನ್ನೂ ಬೆಳ್ಳಿಯ ಪಾಲನ್ನೂ ಇಳಿಸಿದ. ದಕ್ಷಿಣ ಭಾರತದಲ್ಲಿ ಸಿಕ್ಕ ರೋಮನ್ ಬೆಳ್ಳಿಯಲ್ಲಿ ಹೆಚ್ಚಿನ ಪಾಲು ಅದಕ್ಕೂ ಹಿಂದಿನದು. ಇಲ್ಲಿನ ವರ್ತಕರು ಚಕ್ರವರ್ತಿಯ ಮುಖ ನೋಡಿ ಮರುಳಾಗದೆ, ಒಳಗಿನ ಲೋಹ ನೋಡಿ ನಾಣ್ಯ ಆರಿಸುತ್ತಿದ್ದರು ಎಂದು ಇದರಿಂದ ಊಹಿಸುವುದು ತಪ್ಪಾಗದು. ದಕ್ಷಿಣದ ಎಷ್ಟೋ ರೋಮನ್ ನಾಣ್ಯಗಳ ಮೇಲೆ ಉಳಿಯ ಕಚ್ಚುಗಳೂ ಇವೆ.

ಟಿಪ್ಪು ಸುಲ್ತಾನನ ಕಾಲಕ್ಕೆ ಮೈಸೂರು ಸೀಮೆಯಲ್ಲಿ ಎರಡು ರೂಪಾಯಿಯ ಹೈದರಿ, ಒಂದು ರೂಪಾಯಿಯ ಇಮಾಮಿ, ಅರ್ಧದ ಆಬಿದಿ ಎಂದು ಬೆಳ್ಳಿ ನಾಣ್ಯಗಳಿಗೆ ಬೇರೆ ಬೇರೆ ಹೆಸರಿದ್ದವು. ಮೌಲೂದಿ ಎಂಬ ಹೊಸ ಶಕೆಯನ್ನು ಬಳಕೆಗೆ ತಂದ ಮೇಲೆ ಅವನ ಟಂಕಸಾಲೆಗಳು ಇಸವಿಯ ಅಂಕೆಗಳನ್ನು ಬಲದಿಂದ ಎಡಕ್ಕೆ ಹೊಡೆದವು. 1215 ಎಂಬುದು ನಾಣ್ಯದ ಮೇಲೆ 5121 ಎಂದು ಕಾಣುತ್ತದೆ. ಇದು ಗೊತ್ತಿಲ್ಲದವರು ಒಳ್ಳೆಯ ನಾಣ್ಯವನ್ನೇ ನಕಲಿ ಎಂದು ತಳ್ಳಿಬಿಡಬಹುದು. ಆ ರೂಪಾಯಿಗಳ ಮೇಲೆ, ನಾಣ್ಯ ಪರೀಕ್ಷಿಸುತ್ತಿದ್ದ ಶರಾಫರ ಪುಟ್ಟ ಗುದ್ದುಗಳೂ ಸಿಗುತ್ತವೆ. ಅಂದು ಆ ಗುದ್ದು ಭರವಸೆಯ ಮುದ್ರೆಯಾಗಿತ್ತು. ಇಂದಿನ ಸಂಗ್ರಾಹಕನಿಗೆ ಅದೇ ಗಾಯ, ಬೆಲೆ ಇಳಿಸುವ ಗಾಯ. ಈ ನಾಣ್ಯಗಳನ್ನು ಕ್ರಮವಾಗಿ ಪಟ್ಟಿ ಮಾಡಿದ ಜೆ. ಆರ್. ಹೆಂಡರ್ಸನ್ ಅವರ ಪುಸ್ತಕ 1921ರಲ್ಲಿ ಮದರಾಸಿನಿಂದ ಬಂತು. ಕರ್ನಾಟಕದ ನಾಣ್ಯಗಳ ಒಟ್ಟು ಚರಿತ್ರೆಯನ್ನು ಮೈಸೂರಿನ ವಿದ್ವಾಂಸ ಎ. ವಿ. ನರಸಿಂಹಮೂರ್ತಿ ಬರೆದರು.

ಊರಿಗೊಂದು ರೂಪಾಯಿ ಇದ್ದಾಗ ಪ್ರತಿಯೊಂದಕ್ಕೂ ವಟ್ಟ ಕಟ್ಟಬೇಕಿತ್ತು. ಈಸ್ಟ್ ಇಂಡಿಯಾ ಕಂಪನಿ 1835ರಲ್ಲಿ ಏಕರೂಪದ ರೂಪಾಯಿ ತಂದ ಮೇಲೆ ಆ ಗೋಜಲು ಕರಗುತ್ತ ಬಂತು. ಹೊಸ ರೂಪಾಯಿಯ ತೂಕ ಒಂದು ತೊಲ, ಅಂದರೆ 11.66 ಗ್ರಾಂ. ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. ಅಂಗಡಿಯ ತಕ್ಕಡಿಯಲ್ಲಿ ರೂಪಾಯಿಯೇ ತೂಕದ ಬೊಟ್ಟಾಯಿತು. ಮೈಸೂರು ಸೀಮೆಯ ಕಚ್ಚಾ ಸೇರು 24 ರೂಪಾಯಿ ತೂಕ. ಸವೆತಕ್ಕೂ ಕಾನೂನು ಗೆರೆ ಎಳೆದಿತ್ತು. ನೂರಕ್ಕೆ 2 ಪಾಲಿಗಿಂತ ಹೆಚ್ಚು ತೂಕ ಕಳೆದುಕೊಂಡ ರೂಪಾಯಿ ಚಲಾವಣೆಗೆ ಸಲ್ಲದು. ಲೆಕ್ಕ ಹಾಕಿದರೆ ಆ ಗೆರೆ 11.43 ಗ್ರಾಂ ಹತ್ತಿರ ಬೀಳುತ್ತದೆ.

ಸವೆತವನ್ನು ಅಂಕೆಯಲ್ಲಿ ಹೇಳುವ ಪದ್ಧತಿ ಅಮೆರಿಕದ್ದು. ವಿಲಿಯಂ ಶೆಲ್ಡನ್ ಎಂಬ ಮನಶ್ಶಾಸ್ತ್ರಜ್ಞ 1949ರಲ್ಲಿ ಅಲ್ಲಿನ ಹಳೆಯ ತಾಮ್ರದ ಸೆಂಟ್‌ಗಳಿಗಾಗಿ 1ರಿಂದ 70ರವರೆಗಿನ ಮಾನಕ ರೂಪಿಸಿದ. ಗುರುತು ಹಿಡಿಯಲಷ್ಟೇ ಸಾಧ್ಯವಾದ ಸವಕಲು ನಾಣ್ಯ 1, ಕಲೆಯೇ ಇಲ್ಲದ್ದು 70. ಬೆಲೆಯೂ ಆ ಅಂಕೆಯ ಪ್ರಮಾಣದಲ್ಲೇ ಏರಬೇಕೆಂಬುದು ಅವನ ಎಣಿಕೆ. ಬೆಲೆಯ ಸೂತ್ರ ಬೇಗ ಮುರಿದುಬಿತ್ತು, ಅಂಕೆಗಳು ಉಳಿದವು. 1986ರಲ್ಲಿ ಪಿಸಿಜಿಎಸ್, 1987ರಲ್ಲಿ ಎನ್‌ಜಿಸಿ ಸಂಸ್ಥೆಗಳು ನಾಣ್ಯಕ್ಕೆ ದರ್ಜೆ ಕೊಟ್ಟು ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುದ್ರೆ ಹಾಕಿ ಕೊಡತೊಡಗಿದವು. 60ರಿಂದ ಮೇಲಿನದು ಚಲಾವಣೆಗೇ ಇಳಿಯದ ನಾಣ್ಯದ ದರ್ಜೆ. ಅಲ್ಲಿ ಒಂದೊಂದು ಅಂಕೆಗೂ ಬೆಲೆ ಜಿಗಿಯುತ್ತದೆ.

ಈ ದರ್ಜೆಯ ವ್ಯಾಪಾರದಲ್ಲಿ ಅಚ್ಚುಮೆಚ್ಚಿನದು 1878ರಿಂದ ಹೊರಟ ಮಾರ್ಗನ್ ಬೆಳ್ಳಿ ಡಾಲರ್. ಅದಕ್ಕೂ ನಮ್ಮ ರೂಪಾಯಿಗೂ ರಕ್ತಸಂಬಂಧವಿದೆ. ಮೊದಲ ಮಹಾಯುದ್ಧದ ಕೊನೆಗೆ ಭಾರತದಲ್ಲಿ ಜನ ಕಾಗದದ ನೋಟು ಕೊಟ್ಟು ಬೆಳ್ಳಿ ಕೇಳತೊಡಗಿದರು, ಖಜಾನೆ ಬರಿದಾಗುತ್ತ ಬಂತು. ಅಮೆರಿಕ 1918ರ ಪಿಟ್‌ಮನ್ ಕಾಯಿದೆಯಡಿ 27 ಕೋಟಿಗೂ ಹೆಚ್ಚು ಡಾಲರ್ ನಾಣ್ಯಗಳನ್ನು ಕರಗಿಸಿತು. ಅದರಲ್ಲಿ ಸುಮಾರು 25.9 ಕೋಟಿ ನಾಣ್ಯಗಳ ಬೆಳ್ಳಿ ಬ್ರಿಟನ್ನಿಗೆ ಮಾರಾಟವಾಗಿ ಭಾರತಕ್ಕೆ ಬಂತು. ಮುಂಬಯಿ, ಕಲ್ಕತ್ತೆಯ ಟಂಕಸಾಲೆಗಳು ಹಗಲಿರುಳು ರೂಪಾಯಿ ಅಚ್ಚುಹಾಕಿದವು. 1918ರ ರೂಪಾಯಿ ಇಂದಿಗೂ ಸುಲಭವಾಗಿ ಸಿಗುವುದಕ್ಕೆ, ಅದರ ಬೆಲೆ ಬೆಳ್ಳಿಯ ಧಾರಣೆಯ ಆಸುಪಾಸಿನಲ್ಲೇ ಇರುವುದಕ್ಕೆ ಇದೇ ಕಾರಣ. ಯಾವ ಇಸವಿಯ ಡಾಲರ್ ಎಷ್ಟು ಕರಗಿತೆಂಬ ಲೆಕ್ಕವನ್ನು ಮಾತ್ರ ಯಾರೂ ಇಡಲಿಲ್ಲ. ನ್ಯೂ ಆರ್ಲಿಯನ್ಸ್‌ನ 1903ರ ಡಾಲರ್ ಬಹಳ ಅಪರೂಪವೆಂದು ಎಲ್ಲರೂ ನಂಬಿದ್ದರು. 1962ರಲ್ಲಿ ಅಮೆರಿಕದ ಖಜಾನೆಯಿಂದ ಅದರ ಚೀಲಗಳೇ ಹೊರಬಂದು ಬೆಲೆ ನೆಲ ಕಚ್ಚಿತು.

ಕರ್ನಾಟಕದ ಮನೆಗಳಲ್ಲಿ ಬೆಳ್ಳಿ ರೂಪಾಯಿಯ ದರ್ಜೆ ಕೆಡುವುದು ಬಹುಮಟ್ಟಿಗೆ ಭಕ್ತಿಯಿಂದಲೇ. ವರಮಹಾಲಕ್ಷ್ಮಿ ಹಬ್ಬದ ಮುನ್ನಾದಿನ ಕಪಾಟಿನಿಂದ ಇಳಿದ ವಿಕ್ಟೋರಿಯಾ ರಾಣಿಯ ರೂಪಾಯಿಯನ್ನು ಹುಣಸೆಹಣ್ಣು ಹಚ್ಚಿ, ವಿಭೂತಿಯಿಂದ ಉಜ್ಜಿ ಕಲಶದ ಮುಂದಿಡುತ್ತಾರೆ. ಅದು ಥಳಥಳ ಹೊಳೆಯುತ್ತದೆ, ಆದರೆ ಟಂಕಸಾಲೆಯ ಹೊಳಪು ಅದಲ್ಲ. ಅಚ್ಚಿನ ಏಟಿಗೆ ಹರಿದ ಲೋಹ ಬಿಟ್ಟ ಸಣ್ಣ ಗೆರೆಗಳ ಮೇಲೆ ಬೆಳಕು ಬಿದ್ದಾಗ, ನಾಣ್ಯವನ್ನು ವಾಲಿಸಿದಂತೆ ಬಂಡಿಚಕ್ರದ ಅರೆಕಾಲುಗಳಂತೆ ಹೊಳಪು ಸುತ್ತಬೇಕು. ಉಜ್ಜಿದ ನಾಣ್ಯದಲ್ಲಿ ಆ ಸುತ್ತು ಇಲ್ಲ. ಭೂತಗನ್ನಡಿಯಡಿ ಕೂದಲೆಳೆಯ ಗೀರುಗಳಷ್ಟೇ ಕಾಣುತ್ತವೆ. ಕಾಸಿನ ಸರಕ್ಕೆ ಕೊಂಡಿ ಬೆಸೆದ ರೂಪಾಯಿಯ ಗತಿಯೂ ಇಷ್ಟೆ: ಕೊಂಡಿ ತೆಗೆದರೂ ಅಂಚಿನ ಬೆಸುಗೆಯ ಗುರುತು ಹೋಗದು. ಇಂಥವಕ್ಕೆ ಸಂಸ್ಥೆಗಳು ಅಂಕೆಯನ್ನೇ ಕೊಡುವುದಿಲ್ಲ. ಕಪ್ಪಾದ ರೂಪಾಯಿಯನ್ನು ಹಾಗೆಯೇ ಬಿಡುವುದು ಅದಕ್ಕೆ ಮಾಡುವ ದೊಡ್ಡ ಉಪಕಾರ.

ಪರೀಕ್ಷೆ ತೂಕದಿಂದ ಶುರುವಾಗುತ್ತದೆ. ಲೋಟದ ನೀರನ್ನು ಸಣ್ಣ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲಿಟ್ಟು, ಸೊನ್ನೆಗೆ ತಂದು, ರೂಪಾಯಿಯನ್ನು ದಾರದಲ್ಲಿ ತಳ ಮುಟ್ಟದಂತೆ ಇಳಿಬಿಟ್ಟರೆ ಸುಮಾರು 1.13 ಗ್ರಾಂ ತೋರಿಸಬೇಕು. ಲೋಹ ಹಗುರವಾದರೆ ಅಂಕೆ ಏರುತ್ತದೆ. ಆಮೇಲೆ ಮೊದಲು ಸವೆಯುವ ಉಬ್ಬುಗಳು: ವಿಕ್ಟೋರಿಯಾಳ ಕಿರೀಟ ಮತ್ತು ಕಿವಿಯ ಮೇಲಿನ ಕೂದಲು, ಐದನೇ ಜಾರ್ಜನ ನಿಲುವಂಗಿಯ ಮೇಲಿನ ಆನೆ. 1911ರ ಅಚ್ಚಿನಲ್ಲಿ ಆ ಆನೆ ಹಂದಿಯಂತೆ ಕಂಡು ಗದ್ದಲವೆದ್ದಿತು, ಉಳಿದ ನಾಣ್ಯಗಳನ್ನು ಕರಗಿಸಿ 1912ರಿಂದ ಸೊಂಡಿಲು ತಿದ್ದಿದರು. ಒಂದೇ ದರ್ಜೆಯಲ್ಲಿ 1911ರದ್ದಕ್ಕೆ 1912ರದ್ದಕ್ಕಿಂತ ಹೆಚ್ಚು ಬೆಲೆ ಬರುವುದು ಇದರಿಂದ. ಆರನೇ ಜಾರ್ಜನ 1939ರ ರೂಪಾಯಿ ಇನ್ನೂ ವಿರಳ. 1938ರ ಕೊನೆಯ 8ನ್ನು ಕೆತ್ತಿ 9 ಮಾಡುವವರಿದ್ದಾರೆ, ಆದ್ದರಿಂದ ಆ ಅಂಕೆಯನ್ನು ಭೂತಗನ್ನಡಿಯಲ್ಲಿ ನೋಡದೆ ದುಡ್ಡು ಎಣಿಸಬಾರದು.

ಬೆಲೆಯ ತಳಪಾಯ ಒಳಗಿನ ಶುದ್ಧ ಬೆಳ್ಳಿ: 1835ರ ಅಳತೆಯ ರೂಪಾಯಿಯಲ್ಲಿ ಸುಮಾರು 10.69 ಗ್ರಾಂ, ಮಾರ್ಗನ್ ಡಾಲರಿನಲ್ಲಿ 24 ಗ್ರಾಂ. 1940ರಿಂದ 1945ರವರೆಗಿನ ರೂಪಾಯಿಗಳಲ್ಲಿ ಬೆಳ್ಳಿ ಅರ್ಧಕ್ಕಿಳಿದದ್ದನ್ನು ಮರೆತವರು ಹೆಚ್ಚು ಕೊಟ್ಟು ಕೊಳ್ಳುತ್ತಾರೆ. ಬೆಳ್ಳಿಯ ಬೆಲೆಯ ಮೇಲಿನ ಮೊತ್ತಕ್ಕೆ ಹರಾಜುಗಳೇ ಸಾಕ್ಷಿ. ಅದೇ ಇಸವಿ, ಅದೇ ಟಂಕಸಾಲೆ, ಅದೇ ದರ್ಜೆಯ ನಾಣ್ಯ ಇತ್ತೀಚೆಗೆ ಎಷ್ಟಕ್ಕೆ ಹೋಯಿತು ಎಂಬುದನ್ನು ನೋಡಬೇಕೇ ಹೊರತು ಮಾರುವವನ ಪಟ್ಟಿಯ ಬೆಲೆಯನ್ನಲ್ಲ. ಬೆಂಗಳೂರಿನಲ್ಲೇ ಮರುಧರ್ ಆರ್ಟ್ಸ್‌ನಂಥ ನಾಣ್ಯ ಹರಾಜು ಸಂಸ್ಥೆ ಇದೆ.

1972ರ ಪುರಾತನ ವಸ್ತುಗಳ ಕಾಯಿದೆಯ ಪ್ರಕಾರ ನೂರು ವರ್ಷ ತುಂಬಿದ ನಾಣ್ಯ ಪುರಾತನ ವಸ್ತು. ಖಾಸಗಿಯವರು ಅದನ್ನು ದೇಶದಾಚೆ ಕಳಿಸುವಂತಿಲ್ಲ. ದರ್ಜೆ ಹಾಕಿಸಲು ಅಮೆರಿಕಕ್ಕೆ ಕಳಿಸುವ ಯೋಚನೆಯಿದ್ದವರು ಮೊದಲು ಇಸವಿ ನೋಡಬೇಕು. ಪಿಟ್‌ಮನ್ ಬೆಳ್ಳಿಯ ಕಾಲದ 1918ರ ರೂಪಾಯಿ 2018ರಲ್ಲೇ ಆ ಗೆರೆ ದಾಟಿತು. 1938ರದ್ದು ದಾಟುವುದು 2038ರಲ್ಲಿ.