ಎಲ್ಲಿಗೂ ಹೋಗದ ಸೇತುವೆ

ಇವತ್ತು ಒಂದು ಸೇತುವೆ ಕಥೆ ಹೇಳ್ತೀನಿ.

ಲಂಡನ್ ನಗರದ ಉತ್ತರಕ್ಕೆ ಒಂದು ಗುಡ್ಡ. ಗುಡ್ಡದ ಇಳಿಜಾರಲ್ಲಿ ಒಂದು ಕೊಳ. ಆ ಕೊಳದ ಮೇಲೆ ಕೆಂಪು ಇಟ್ಟಿಗೆಯ ಕಮಾನು ಸೇತುವೆ. 1840ರ ದಶಕದಲ್ಲಿ ಕಟ್ಟಿದ್ದು. ಸಾರೋಟು ಓಡಾಡಲಿ ಅಂತ ಗಟ್ಟಿಮುಟ್ಟಾಗಿ ಕಟ್ಟಿದ್ದು. ಸರಿ, ಈ ಸೇತುವೆ ದಾಟಿದರೆ ಆ ಕಡೆ ಏನಿದೆ? ಏನೂ ಇಲ್ಲ ಸ್ವಾಮಿ. ಹುಲ್ಲು, ಮರ, ನಾಯಿ ಕರ್ಕೊಂಡು ವಾಕಿಂಗ್ ಬಂದ ಜನ. ಅಷ್ಟೇ. ಅಲ್ಲಿ 28 ವಿಲ್ಲಾಗಳ ಲೇಔಟ್ ಆಗಬೇಕಿತ್ತು. ಪ್ಲಾನ್ ರೆಡಿ ಇತ್ತು, ಸೇತುವೆ ಬಂತು, ಲೇಔಟ್ ಬರಲಿಲ್ಲ. ಯಾಕೆ ಬರಲಿಲ್ಲ? ಅದರ ಹಿಂದೆ ನಲವತ್ತು ವರ್ಷಗಳ ಜಗಳ ಇದೆ. ಆ ಜಗಳದಲ್ಲಿ ಯಾರು ಒಳ್ಳೆಯವರು, ಯಾರು ಕೆಟ್ಟವರು ಅಂತ ಹೇಳೋದು ಮೊದಲ ನೋಟಕ್ಕೆ ಕಾಣುವಷ್ಟು ಸುಲಭ ಅಲ್ಲ.

ಗುಡ್ಡದ ಹೆಸರು ಹ್ಯಾಂಪ್‌ಸ್ಟೆಡ್ ಹೀತ್. ಎತ್ತರ ಸುಮಾರು 440 ಅಡಿ. ನಮ್ಮ ಲೆಕ್ಕದಲ್ಲಿ ಬೆಟ್ಟ ಅಂತ ಕರೆಯೋಕೂ ಸಂಕೋಚ ಆಗುತ್ತೆ. ಆದರೆ ಲಂಡನ್ ಊರೇ ತಟ್ಟೆಯ ಹಾಗೆ ಚಪ್ಪಟೆ, ಅಲ್ಲಿ ಅದು ದೊಡ್ಡದೇ. ನಾನು ಇಂಜಿನಿಯರಿಂಗ್ ಓದಿದವನು, ಹಾಗಾಗಿ ಮಣ್ಣಿನ ವಿಷಯ ಎರಡು ಮಾತು ಹೇಳದೆ ಮುಂದೆ ಹೋಗೋಕೆ ಆಗಲ್ಲ. ಗುಡ್ಡದ ಮೇಲಿನ ಪದರ ಮರಳು. ಕೆಳಗೆ ಜೇಡಿಮಣ್ಣು. ಮಳೆ ನೀರು ಮರಳಲ್ಲಿ ಇಳಿಯುತ್ತೆ, ಜೇಡಿಮಣ್ಣು ಸಿಕ್ಕಿದ ಕೂಡಲೇ ಮುಂದೆ ಇಳಿಯೋಕೆ ದಾರಿ ಇಲ್ಲದೆ ಪಕ್ಕಕ್ಕೆ ಒರತೆಯಾಗಿ ಬರುತ್ತೆ. ಆ ಒರತೆ ನೀರನ್ನೇ 17ನೇ ಶತಮಾನದ ಕೊನೆಯಿಂದ ಒಡ್ಡು ಕಟ್ಟಿ ಕೊಳಗಳಾಗಿ ನಿಲ್ಲಿಸಿ ಲಂಡನ್ನಿಗೆ ಕುಡಿಯೋಕೆ ಕೊಟ್ಟರು. ಇಲ್ಲೇ ಹುಟ್ಟೋ ಹಳ್ಳದ ಹೆಸರು ಫ್ಲೀಟ್. ಪತ್ರಿಕೋದ್ಯಮಕ್ಕೇ ಇನ್ನೊಂದು ಹೆಸರಾದ ಫ್ಲೀಟ್ ಸ್ಟ್ರೀಟ್ ಇದೆಯಲ್ಲ, ಅದಕ್ಕೆ ಹೆಸರು ಬಂದದ್ದು ಈ ಹಳ್ಳದಿಂದ. ಇವತ್ತು ಅದು ನೆಲದಡಿಯ ಚರಂಡಿಯಾಗಿ ಥೇಮ್ಸ್ ಸೇರುತ್ತೆ.

ಕವಿ ಕೀಟ್ಸ್ ಈ ಗುಡ್ಡದ ಪಕ್ಕದಲ್ಲೇ ವಾಸ ಇದ್ದ. ಚಿತ್ರಕಾರ ಕಾನ್‌ಸ್ಟೇಬಲ್ ಇಲ್ಲೇ ಕೂತು ಮೋಡಗಳನ್ನು ಬರೆದ. ಕಾರ್ಲ್ ಮಾರ್ಕ್ಸ್ ಭಾನುವಾರ ಹೆಂಡತಿ ಮಕ್ಕಳ ಜೊತೆ ಬುತ್ತಿ ಕಟ್ಟಿಕೊಂಡು ಇಲ್ಲಿಗೇ ಬರ್ತಿದ್ದ. ಗುಡ್ಡದ ಮೇಲೊಂದು ಮಣ್ಣಿನ ದಿಬ್ಬ ಇದೆ, ರೋಮನ್ನರ ವಿರುದ್ಧ ಕತ್ತಿ ಹಿಡಿದ ರಾಣಿ ಬೌಡಿಕಾಳ ಸಮಾಧಿ ಅದು ಅಂತ ಊರವರ ನಂಬಿಕೆ. 1894ರಲ್ಲಿ ಅಗೆದು ನೋಡಿದರು. ಒಂದು ಮೂಳೆಯೂ ಸಿಗಲಿಲ್ಲ. ನಂಬಿಕೆ ಹಾಗೇ ಉಳಿದಿದೆ.

ಈಗ ಕಥೆಯ ನಾಯಕ ಅಥವಾ ಖಳನಾಯಕ. ಸರ್ ಥಾಮಸ್ ಮೇರಿಯನ್ ವಿಲ್ಸನ್. ಹ್ಯಾಂಪ್‌ಸ್ಟೆಡ್ ಜಮೀನ್ದಾರ. 1821ರಲ್ಲಿ ಅಪ್ಪ ತೀರಿಕೊಂಡಾಗ ಆಸ್ತಿ ಕೈಗೆ ಬಂತು. ಆದರೆ ಉಯಿಲಿನಲ್ಲಿ ಒಂದು ಗಂಟು ಇತ್ತು. ಆಸ್ತಿಯನ್ನು ಇವನು ಬದುಕಿರುವವರೆಗೆ ಅನುಭವಿಸಬಹುದು, ಅಷ್ಟೇ. ಗುತ್ತಿಗೆಗೆ ಕೊಟ್ಟರೂ 21 ವರ್ಷಕ್ಕಿಂತ ಹೆಚ್ಚಿಗೆ ಕೊಡುವಂತಿಲ್ಲ. ಇಂಗ್ಲೆಂಡಿನಲ್ಲಿ ಮನೆ ಕಟ್ಟೋ ಬಿಲ್ಡರ್‌ಗೆ ಬೇಕಾಗಿದ್ದದ್ದು 99 ವರ್ಷದ ಲೀಸು. 21 ವರ್ಷಕ್ಕೆ ಯಾರು ದುಡ್ಡು ಹಾಕಿ ಮನೆ ಕಟ್ಟುತ್ತಾರೆ? ಸುತ್ತಮುತ್ತಲಿನ ಜಮೀನ್ದಾರರೆಲ್ಲ ಹೊಲವನ್ನು ಸೈಟು ಮಾಡಿ ದುಡ್ಡು ಎಣಿಸ್ತಾ ಇದ್ದರೆ ಇವನು ಮಾತ್ರ ಕೈ ಕಟ್ಟಿಕೊಂಡು ಕೂತಿದ್ದ.

ಇದಕ್ಕೆ ಇದ್ದ ದಾರಿ ಒಂದೇ, ಸಂಸತ್ತು. ಉಯಿಲಿನ ಷರತ್ತು ಸಡಿಲಿಸೋಕೆ ಖಾಸಗಿ ಮಸೂದೆ ತರಬೇಕು. ಆಗಿನ ಸಂಸತ್ತಿನಲ್ಲಿ ಇದ್ದವರು ಹೆಚ್ಚಾಗಿ ಜಮೀನ್ದಾರರೇ, ಇಂಥ ಮಸೂದೆಗಳು ಸದ್ದಿಲ್ಲದೆ ಪಾಸಾಗಿಬಿಡ್ತಿದ್ದವು. 1829ರಲ್ಲಿ ಸರ್ ಥಾಮಸ್ ಮಸೂದೆ ತಂದ. ಊರೇ ತಿರುಗಿಬಿತ್ತು. ಗುಡ್ಡವನ್ನೂ ಸೈಟು ಮಾಡ್ತಾನೆ ಅನ್ನೋ ಭಯ. ಮಸೂದೆ ಬಿದ್ದುಹೋಯ್ತು. ಮತ್ತೆ ತಂದ, ಮತ್ತೆ ಬಿತ್ತು. 1843, 1844, ಆಮೇಲೆ 1850ರ ದಶಕದಲ್ಲಿ ಹಲವು ಸಲ. ಪ್ರತಿ ಸಲವೂ ಅದೇ ಗತಿ. ನಮ್ಮ ಸೇತುವೆ ಹುಟ್ಟಿದ್ದು ಈ ಹಟದ ನಡುವೆಯೇ. ಕಾನೂನು ಆಮೇಲೆ ಬರಲಿ, ರಸ್ತೆ ಈಗಲೇ ಮಾಡಿಬಿಡೋಣ ಅನ್ನೋ ಲೆಕ್ಕ. ಈ ಲೆಕ್ಕ ನಮಗೆ ಹೊಸದಲ್ಲ ಬಿಡಿ.

ಹಾಗಾದರೆ ವಿರೋಧಿಸಿದವರು ಯಾರು? ಇದನ್ನು ಸ್ವಲ್ಪ ನಿಂತು ನೋಡಬೇಕು. ಬ್ಯಾಂಕರುಗಳು, ವಕೀಲರು, ಗುಡ್ಡದ ಅಂಚಿನಲ್ಲಿ ಬಂಗಲೆ ಕಟ್ಟಿಕೊಂಡು ಕೂತವರು. ಪಕ್ಕದ ಕೆನ್‌ವುಡ್ ಬಂಗಲೆಯ ಒಡೆಯ ಮ್ಯಾನ್ಸ್‌ಫೀಲ್ಡ್ ಪ್ರಭು, ಅವನ ಕಿಟಕಿ ಎದುರಿನ ನೋಟ ಹಾಳಾಗುತ್ತಲ್ಲ! ಅಂದರೆ ತಮ್ಮ ಮನೆ ಆಗಲೇ ಕಟ್ಟಿಕೊಂಡವರು ಇನ್ನೊಬ್ಬನಿಗೆ ಕಟ್ಟಬೇಡ ಅಂದರು. ನೇರವಾಗಿ ಹೇಳ್ತೀನಿ, ಸರ್ ಥಾಮಸ್‌ಗೆ ಅನ್ಯಾಯ ಆಗಿದ್ದು ನಿಜ. ಅವನಿಗೆ ಗುಡ್ಡದ ಹೊರಗೆ, ಕೆಳಗಿನ ಹೊಲಗಳಲ್ಲೂ ಬೇಕಾದಷ್ಟು ಜಾಗ ಇತ್ತು. ಅಲ್ಲಿ ಕಟ್ಟೋಕೆ ಬಿಟ್ಟಿದ್ದರೆ ಬಹುಶಃ ಗುಡ್ಡದ ತಂಟೆಗೆ ಅವನು ಇಷ್ಟು ಹಟ ಹಿಡಿದು ಬರ್ತಿರಲಿಲ್ಲ. ಅಲ್ಲೂ ಬಿಡಲಿಲ್ಲ. ಮನುಷ್ಯ ಕಹಿಯಾದ.

1860ರಲ್ಲಿ ರೈಲು ಬಂತು, ಕಥೆ ಬದಲಾಯ್ತು. ಗುಡ್ಡದ ಬುಡದಲ್ಲೇ ಸ್ಟೇಷನ್. ಅಲ್ಲಿಯವರೆಗೆ ಹತ್ತಿರದವರ ವಾಕಿಂಗ್ ಜಾಗ ಆಗಿದ್ದದ್ದು ಈಗ ಪೂರ್ವ ಲಂಡನ್ನಿನ ಕಾರ್ಮಿಕರ, ಹಡಗುಕಟ್ಟೆಯ ಕೂಲಿಗಳ, ಟೈಲರ್‌ಗಳ ಜಾತ್ರೆ ಮೈದಾನ. ಹೊಗೆ ಕುಡಿದು ಬದುಕೋ ಜನಕ್ಕೆ ರಜೆಯ ದಿನ ಒಂದು ಗುಟುಕು ಗಾಳಿ. ಎಷ್ಟು ಜನ ಬರ್ತಿದ್ದರು ಅಂದರೆ, 1892ರ ಈಸ್ಟರ್ ಸೋಮವಾರ ಮಳೆ ಬಂತು ಅಂತ ಎಲ್ಲರೂ ಒಟ್ಟಿಗೆ ಸ್ಟೇಷನ್ನಿಗೆ ನುಗ್ಗಿ, ಮೆಟ್ಟಿಲಲ್ಲಿ ಕಾಲ್ತುಳಿತಕ್ಕೆ ಎಂಟು ಜನ ಸತ್ತರು.

ಈಗ ಕೇಳಿ, ಇಲ್ಲಿದೆ ಅಸಲಿ ವಿಷಯ. ಈ ಸಾವಿರಾರು ಜನಕ್ಕೆ ಆ ಗುಡ್ಡದ ಮೇಲೆ ಕಾನೂನಿನ ಹಕ್ಕು ಏನಿತ್ತು? ಸೊನ್ನೆ. ಇಂಗ್ಲೆಂಡಿನಲ್ಲಿ ಇಂಥ ಜಾಗವನ್ನು ಕಾಮನ್ ಅಂತಾರೆ. ನಮ್ಮ ಗೋಮಾಳದ ಹಾಗೆ ಅಂದುಕೊಳ್ಳಿ, ಆದರೆ ಒಂದು ವ್ಯತ್ಯಾಸ ಇದೆ. ಅಲ್ಲಿ ನೆಲ ಜಮೀನ್ದಾರನದು. ದನ ಮೇಯಿಸೋದು, ಮುಳ್ಳುಪೊದೆ ಕಡಿಯೋದು, ಹುಲ್ಲುಹೆಂಟೆ ತೆಗೆಯೋದು, ಇಷ್ಟು ಮಾತ್ರ ಹಳೇ ಹಿಡುವಳಿದಾರರ ಹಕ್ಕು. ಗಾಳಿ ಕುಡಿಯೋ ಹಕ್ಕು ಯಾವ ಪುಸ್ತಕದಲ್ಲೂ ಇರಲಿಲ್ಲ. ಜಮೀನ್ದಾರರು ಇನ್ನೂ ನೆಚ್ಚಿಕೊಂಡಿದ್ದ ಕಾನೂನು ಯಾವುದು ಗೊತ್ತಾ? 1235ರದ್ದು. ದನಕ್ಕೆ ಸಾಕಾಗುವಷ್ಟು ಹುಲ್ಲುಗಾವಲು ಬಿಟ್ಟು ಉಳಿದದ್ದಕ್ಕೆ ಒಡೆಯ ಬೇಲಿ ಹಾಕಬಹುದು ಅನ್ನೋದು ಅದರ ಸಾರ. ಅಂದರೆ ದನಕ್ಕೆ ಲೆಕ್ಕ ಇತ್ತು, ಜನಕ್ಕೆ ಇರಲಿಲ್ಲ.

1865ರಲ್ಲಿ ಲಂಡನ್ ಸುತ್ತಲಿನ ಬಯಲು ಜಾಗಗಳ ಬಗ್ಗೆ ಸಂಸದೀಯ ಸಮಿತಿ ಕೂತಿತು. ಅದೇ ವರ್ಷ ಜಾರ್ಜ್ ಶಾ ಲೆಫೆವ್ರ್ ಅನ್ನೋ ರಾಜಕಾರಣಿಯ ಮುಂದಾಳತ್ವದಲ್ಲಿ ಕಾಮನ್ಸ್ ಪ್ರಿಸರ್ವೇಶನ್ ಸೊಸೈಟಿ ಹುಟ್ಟಿತು. ಸರ್ ಥಾಮಸ್‌ನ ನಿಲುವು ಸರಳ. ಗುಡ್ಡ ನನ್ನದು, ಸಾರ್ವಜನಿಕರಿಗೆ ಬೇಕಿದ್ದರೆ ಕಟ್ಟಡದ ಜಾಗದ ಬೆಲೆ ಕೊಟ್ಟು ತಗೊಳ್ಳಲಿ. ಅಷ್ಟಕ್ಕೇ ನಿಲ್ಲಲಿಲ್ಲ. ಮರಳು ಮಾರೋಕೆ ಶುರು ಮಾಡಿದ. ಸೇಂಟ್ ಪ್ಯಾಂಕ್ರಸ್‌ಗೆ ಹೊಸ ಲೈನ್ ಹಾಕ್ತಿದ್ದ ಮಿಡ್‌ಲ್ಯಾಂಡ್ ರೈಲ್ವೆಯೂ ಅವನ ಗಿರಾಕಿ. ಗುಡ್ಡದ ನೆತ್ತಿಯ ರಸ್ತೆಯ ಎರಡೂ ಬದಿ ಎಷ್ಟು ಆಳಕ್ಕೆ ತೋಡಿದರು ಅಂದರೆ ರಸ್ತೆ ಮಾತ್ರ ಏರಿಯ ಹಾಗೆ ಮೇಲೆ ಉಳಿಯಿತು. ಮರಳು ದಂಧೆ ಅಂತ ನಾವು ದಿನಾ ಸುದ್ದಿ ಓದ್ತೀವಲ್ಲ, ಅಲ್ಲಿ 1860ರ ದಶಕದಲ್ಲೇ ನಡೀತು, ಅದೂ ಒಡೆಯನ ಕೈಯಿಂದಲೇ. 1866ರಲ್ಲಿ ನೆತ್ತಿಯ ಹತ್ತಿರವೇ ಎಸ್ಟೇಟ್ ಆಫೀಸು ಕಟ್ಟೋಕೆ ಪಾಯ ತೋಡಿಸಿದ.

ಸಾಕು ಅಂದರು ಊರವರು. ಕೋರ್ಟಿಗೆ ಹೋದವರು ಜಾನ್ ಗರ್ನಿ ಹೋರ್, ಬ್ಯಾಂಕರ್, ಗುಡ್ಡದ ಅಂಚಿನ ಬಂಗಲೆಯವರೇ. ವಾದ ಏನು? ಕೀಟ್ಸ್ ಅಲ್ಲ, ಕಾನ್‌ಸ್ಟೇಬಲ್ ಅಲ್ಲ, ಕಾರ್ಮಿಕರ ಆರೋಗ್ಯವೂ ಅಲ್ಲ. ನಾನು ಇಲ್ಲಿನ ಹಿಡುವಳಿದಾರ, ನನ್ನ ದನ ಮೇಯೋ ಹಕ್ಕಿಗೆ ಧಕ್ಕೆ ಆಗ್ತಿದೆ ಅಂತ! ಗುಡ್ಡದ ಮೇಲೆ ಕಾಲಿಡೋ ಸಾವಿರಾರು ಬಡವರ ಪರವಾಗಿ ಕೋರ್ಟಿನ ಕಟಕಟೆಗೆ ಹೋದದ್ದು ಒಬ್ಬ ಶ್ರೀಮಂತನ ಹಸು. ನಗು ಬರಬಹುದು. ಆದರೆ ಕಾನೂನಿಗೆ ಕೇಳಿಸ್ತಿದ್ದದ್ದು ಆ ಹಸುವಿನ ಕೂಗು ಮಾತ್ರ. ಬಂಗಲೆಯವರನ್ನು ಸ್ವಾರ್ಥಿಗಳು ಅಂತ ಬೈದೆನಲ್ಲ, ಈ ಕಾರಣಕ್ಕೇ ಅವರನ್ನು ಪೂರ್ತಿ ಬಿಟ್ಟುಬಿಡೋಕೂ ಮನಸ್ಸು ಬರಲ್ಲ. ಅವರ ಸ್ವಾರ್ಥ ಇಲ್ಲದಿದ್ದರೆ ಪೂರ್ವ ಲಂಡನ್ನಿನ ಟೈಲರ್‌ಗೆ ಹೋಗೋಕೆ ಜಾಗವೇ ಉಳೀತಿರಲಿಲ್ಲ.

ಕೇಸು ತೀರ್ಪಿಗೆ ಬರಲೇ ಇಲ್ಲ. 1869ರಲ್ಲಿ ಸರ್ ಥಾಮಸ್ ತೀರಿಕೊಂಡ. ಮದುವೆ ಆಗಿರಲಿಲ್ಲ, ಆಸ್ತಿ ತಮ್ಮ ಸರ್ ಜಾನ್‌ಗೆ ಹೋಯ್ತು. ತಮ್ಮ ವ್ಯವಹಾರಸ್ಥ. ಅಣ್ಣನ ಜಿದ್ದು ಅವನಿಗೆ ಬೇಕಿರಲಿಲ್ಲ, ಮಾತುಕತೆಗೆ ಕೂತ. 1871ರ ಹ್ಯಾಂಪ್‌ಸ್ಟೆಡ್ ಹೀತ್ ಕಾಯ್ದೆಯ ಪ್ರಕಾರ ಸುಮಾರು 220 ಎಕರೆಯ ಹಕ್ಕನ್ನು 45,000 ಪೌಂಡಿಗೆ ಮೆಟ್ರೊಪಾಲಿಟನ್ ಬೋರ್ಡ್ ಆಫ್ ವರ್ಕ್ಸ್‌ಗೆ ಬಿಟ್ಟುಕೊಟ್ಟ. ಎಕರೆಗೆ 205 ಪೌಂಡಿನ ಆಸುಪಾಸು. ದುಡ್ಡು ಲಂಡನ್ನಿನ ತೆರಿಗೆದಾರರದು. ಗುಡ್ಡವನ್ನು ಪಾರ್ಕು ಮಾಡಿ ಸಿಂಗರಿಸೋಕೆ ಹೋಗಬೇಡಿ, ಇದ್ದ ಹಾಗೇ ಇಟ್ಟುಕೊಳ್ಳಿ ಅಂತ ಕಾಯ್ದೆಯಲ್ಲೇ ಬರೆದರು.

ಇಲ್ಲಿಗೆ ಮುಗೀತು ಅಂತ ಚಪ್ಪಾಳೆ ಹೊಡೆದುಬಿಡಬಹುದಿತ್ತು. ಆದರೆ ಗುಡ್ಡ ಉಳಿದ ಮೇಲೆ ಕೆಳಗಿನ ಹೊಲಗಳಿಗೆ ಬೆಲೆ ಬಂತು. ಊರಿಗೂ ಲಂಡನ್ನಿಗೂ ನಡುವೆ ಸ್ವಿಸ್ ಕಾಟೇಜ್ ಫೀಲ್ಡ್ಸ್ ಅಂತ ಹಸಿರು ಹೊಲಗಳಿದ್ದವು. ಆಕ್ಟೇವಿಯಾ ಹಿಲ್ ಅನ್ನೋ ಮಹಿಳೆ, ಬಡವರಿಗೆ ವಾಸಯೋಗ್ಯ ಮನೆ ಕೊಡೋದೇ ಆಕೆಯ ಕೆಲಸ, 1875ರಲ್ಲಿ ಈ ಹೊಲಗಳನ್ನು ಉಳಿಸೋಕೆ ನಿಂತರು. ಬೇಕಿದ್ದದ್ದು 10,000 ಪೌಂಡು. ಕೆಲವೇ ವಾರಗಳಲ್ಲಿ 8,000ಕ್ಕೂ ಹೆಚ್ಚು ಕೂಡಿಸಿದರು. ಅಷ್ಟರಲ್ಲಿ ಮಾಲೀಕರ ಕಡೆಯವರು ಹಿಂದೆ ಸರಿದರು. ಇವತ್ತು ಅಲ್ಲಿರೋದು ಫಿಟ್ಜ್‌ಜಾನ್ಸ್ ಅವೆನ್ಯೂ, ದೊಡ್ಡ ದೊಡ್ಡ ಮನೆಗಳ ಬೀದಿ. ಸರ್ ಥಾಮಸ್ ಬದುಕಿಡೀ ಹೋರಾಡಿ ಪಡೆಯಲಾರದ್ದನ್ನು ತಮ್ಮನ ಕುಟುಂಬ ಆರಾಮಾಗಿ ಪಡೆಯಿತು. ಇದು ಗೆದ್ದ ಕಥೆಯ ಬಿಲ್ಲು. ಪಾವತಿ ಆದದ್ದು ಪಕ್ಕದ ಹೊಲಗಳಿಂದ.

ಬಡವರಿಗೆ ಮನೆ ಕೊಡಿಸುವ ಹೆಂಗಸು ಮನೆ ಕಟ್ಟಬೇಡಿ ಅಂತ ಯಾಕೆ ಹೋರಾಡಿದಳು ಅಂತ ನೀವು ಕೇಳಬಹುದು. ನನಗೂ ಅನ್ನಿಸಿತು. ಆಕೆ ನೋಡಿದ್ದು ಒಂದೊಂದು ಕೋಣೆಯಲ್ಲಿ ಒಂದೊಂದು ಸಂಸಾರ ಇದ್ದ ಗಲ್ಲಿಗಳನ್ನು. ಅಂಥ ಮನೆಯವರಿಗೆ ಕೂರೋಕೆ ಹಜಾರ ಅಂತ ಇರೋದೇ ಊರಾಚೆಯ ಬಯಲು ಅನ್ನೋದು ಆಕೆಯ ತರ್ಕ. ಸೋತ ಆಕೆ ಸುಮ್ಮನೆ ಕೂರಲಿಲ್ಲ. ಶಾ ಲೆಫೆವ್ರ್ ಜೊತೆ ಸೇರಿ ಪಕ್ಕದ ಪಾರ್ಲಿಮೆಂಟ್ ಹಿಲ್‌ಗಾಗಿ ಓಡಾಡಿದರು. 1889ರಲ್ಲಿ ಸುಮಾರು 260 ಎಕರೆ ಸಾರ್ವಜನಿಕರಿಗೆ ಬಂತು. ಬೆಲೆ ಸುಮಾರು 3 ಲಕ್ಷ ಪೌಂಡು. ಲೆಕ್ಕ ಹಾಕಿ, ಎಕರೆಗೆ 1,150ರ ಹತ್ತಿರ. ಹದಿನೆಂಟೇ ವರ್ಷದಲ್ಲಿ ಐದು ಪಟ್ಟಿಗಿಂತ ಹೆಚ್ಚು. ಅಲ್ಲಿಂದ ಕಾಣುವ ಸೇಂಟ್ ಪಾಲ್ಸ್ ಚರ್ಚಿನ ಗುಮ್ಮಟದ ನೋಟಕ್ಕೆ ಅಡ್ಡ ಬರುವಂತೆ ನಗರದಲ್ಲಿ ಗಗನಚುಂಬಿ ಕಟ್ಟಬಾರದು ಅಂತ ಈಗಲೂ ಯೋಜನಾ ನಿಯಮ ಇದೆ. 1895ರಲ್ಲಿ ಆಕ್ಟೇವಿಯಾ ಹಿಲ್ ಇನ್ನಿಬ್ಬರ ಜೊತೆ ಕಟ್ಟಿದ ಸಂಸ್ಥೆಯೇ ನ್ಯಾಷನಲ್ ಟ್ರಸ್ಟ್. ಆ ಇಬ್ಬರಲ್ಲಿ ಒಬ್ಬರಾದ ರಾಬರ್ಟ್ ಹಂಟರ್ ಕಾಮನ್ಸ್ ಸೊಸೈಟಿಯ ವಕೀಲರಾಗಿದ್ದವರು.

ಇನ್ನು ಆ ಮ್ಯಾನ್ಸ್‌ಫೀಲ್ಡ್ ಪ್ರಭು? 1829ರಲ್ಲಿ ನನ್ನ ಕಿಟಕಿಯ ನೋಟ ಹಾಳಾಗುತ್ತೆ ಅಂದವನ ವಂಶ? ಒಂದು ಶತಮಾನ ತುಂಬುವ ಮೊದಲೇ ಅವರದ್ದೇ ಕೆನ್‌ವುಡ್ ಎಸ್ಟೇಟು ಸೈಟುಗಳಾಗಿ ಮಾರಾಟಕ್ಕೆ ಸಿದ್ಧವಾಯ್ತು! ಮೊದಲ ಮಹಾಯುದ್ಧ ಬಂದು ಕೆಲಸ ನಿಂತಿತು. ಆಮೇಲೆ ಊರವರು ಚಂದಾ ಎತ್ತಿ ಒಂದು ಭಾಗ ಕೊಂಡರು. ಬಂಗಲೆ ಮತ್ತು ಅದರ ಸುತ್ತಲಿನ 74 ಎಕರೆಯನ್ನು 1925ರಲ್ಲಿ ಗಿನ್ನೆಸ್ ಬಿಯರ್ ಮನೆತನದ ಲಾರ್ಡ್ ಐವೀ ಕೊಂಡು, ಸಾಯುವಾಗ ದೇಶಕ್ಕೆ ಬಿಟ್ಟುಹೋದರು. ಎಲ್ಲ ಸೇರಿ ಇವತ್ತು ಹೀತ್ ಸುಮಾರು 790 ಎಕರೆ.

ನಿವಾಸಿಗಳು ಯಾವಾಗಲೂ ಸರಿ ಅಂತ ನಾನು ಹೇಳ್ತಿಲ್ಲ. 1975ರ ಆಗಸ್ಟ್ 14ರ ಸಂಜೆ ಹ್ಯಾಂಪ್‌ಸ್ಟೆಡ್ ಮೇಲೆ ಎರಡೂವರೆ ಗಂಟೆಯಲ್ಲಿ 170 ಮಿಲಿಮೀಟರ್ ಮಳೆ ಸುರಿಯಿತು. ಹಳೇ ಕೊಳಗಳ ಒಡ್ಡು ಇಂಥ ಮಳೆಗೆ ತಡೆಯುತ್ತಾ ಅಂತ ಇಂಜಿನಿಯರುಗಳು ಲೆಕ್ಕ ಹಾಕಿ, ಒಡ್ಡುಗಳನ್ನು ಬಲಪಡಿಸಬೇಕು ಅಂದರು. 1897ರಿಂದ ಗುಡ್ಡ ಕಾಯುತ್ತಾ ಬಂದ ಸ್ಥಳೀಯ ಸಂಘವೇ ಇದನ್ನು ವಿರೋಧಿಸಿ ಹೈಕೋರ್ಟಿಗೆ ಹೋಯ್ತು. ಮಣ್ಣು ಏರಿಸಿದರೆ ಗುಡ್ಡದ ಚೆಲುವು ಕೆಡುತ್ತೆ, ಅಪಾಯವನ್ನು ಉಬ್ಬಿಸಿ ಹೇಳ್ತಿದ್ದೀರಿ ಅಂತ. 2014ರಲ್ಲಿ ಸಂಘ ಸೋತಿತು. ಈ ಒಂದು ವಿಷಯದಲ್ಲಿ ನಾನು ಕೋರ್ಟಿನ ಕಡೆ, ಯಾಕಂದರೆ ಒಡ್ಡಿನ ಕೆಳಗೆ ಸಾವಿರಾರು ಮನೆಗಳಿವೆ. 2016ರ ಹೊತ್ತಿಗೆ ಕೆಲಸ ಮುಗೀತು. ಈಗ ಆ ಒಡ್ಡುಗಳ ಮೇಲೂ ಹುಲ್ಲು ಬೆಳೆದಿದೆ.