ಜೇಬುಗಾತ್ರದ ಡಿಜಿಟಲ್ ಕ್ಯಾಮೆರಾ

ಪ್ಯಾಂಟಿನ ಜೇಬಿನಲ್ಲಿ ಒಯ್ಯಬಹುದಾದ, ಲೆನ್ಸ್ ಬದಲಿಸಲು ಬಾರದ ಸಣ್ಣ ಕ್ಯಾಮೆರಾ. ಕ್ಯಾನನ್ ಡಿಜಿಟಲ್ ಇಕ್ಸಸ್ (2000), 11.3 ಮಿ.ಮೀ. ದಪ್ಪದ ಕ್ಯಾಸಿಯೊ ಎಕ್ಸಿಲಿಮ್ ಎಸ್1 (2002) ಈ ಬಗೆಯ ಮೊದಮೊದಲ ಮಾದರಿಗಳಲ್ಲಿ ಸೇರುತ್ತವೆ.

ಇದರ ಗುಣವೂ ದೋಷವೂ ಹುಟ್ಟುವುದು ಒಂದೇ ಕಡೆಯಿಂದ: ಸೆನ್ಸರಿನ ಗಾತ್ರ. ಸಾಮಾನ್ಯ ಮಾದರಿಗಳ ಸೆನ್ಸರು ಸುಮಾರು 6.2 × 4.6 ಮಿ.ಮೀ.; 36 × 24 ಮಿ.ಮೀ.ನ ಪೂರ್ಣ ಚೌಕಟ್ಟಿನ ಸೆನ್ಸರಿಗೆ ಹೋಲಿಸಿದರೆ ವಿಸ್ತೀರ್ಣದಲ್ಲಿ ಮೂವತ್ತನೇ ಒಂದು ಪಾಲು. ಸೆನ್ಸರು ಚಿಕ್ಕದಾದ್ದರಿಂದ ಲೆನ್ಸೂ ಚಿಕ್ಕದು, ಕ್ಯಾಮೆರಾ ಹಗುರ. ಆದರೆ ಅದರ ಮೇಲೆ ಬೀಳುವ ಬೆಳಕೂ ಅಷ್ಟೇ ಕಡಿಮೆ.

ಬೆಂಗಳೂರಿನ ಬನಶಂಕರಿಯಲ್ಲಿ ಒಂದು ಭಾನುವಾರ ಸಾಕು, ಎರಡೂ ಗೊತ್ತಾಗುತ್ತವೆ. ಕನಕಪುರ ರಸ್ತೆಯ ಬನಶಂಕರಿ ಅಮ್ಮನ ಗುಡಿ (1915) ರಾಹುಕಾಲದ ನಿಂಬೆಹಣ್ಣಿನ ದೀಪಕ್ಕೆ ಹೆಸರಾದದ್ದು. ಭಾನುವಾರದ ರಾಹುಕಾಲ ಸಂಜೆ 4.30ರಿಂದ 6. ರಸ ಹಿಂಡಿ, ಸಿಪ್ಪೆಯನ್ನು ಒಳಹೊರಗು ಮಡಚಿ ಹಚ್ಚಿದ ಅಂಥ ದೀಪವನ್ನು ಕೆಲವೇ ಸೆಂಟಿಮೀಟರ್ ದೂರದಿಂದ ತೆಗೆಯಲು ಈ ಕ್ಯಾಮೆರಾಗಳ ಮ್ಯಾಕ್ರೊ ಸೌಲಭ್ಯ ಬಲು ಅನುಕೂಲ. ಜನಜಂಗುಳಿಯಲ್ಲಿ ಯಾರ ಕಣ್ಣಿಗೂ ಕುಕ್ಕುವುದಿಲ್ಲ. ಬೆಳಕು ಇಳಿದ ಮೇಲೆ ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟ) ಏರಿಸಿದರೆ ಮಾತ್ರ ಚಿತ್ರದ ತುಂಬ ಕಾಳುಕಾಳು. ಫ್ಲಾಶ್ ಹಾಕಿದರೆ ದೀಪದ ಕಾಂತಿಯೇ ಸತ್ತುಹೋಗುತ್ತದೆ. ಅದೂ ಮೂರು–ನಾಲ್ಕು ಮೀಟರಿನಾಚೆ ತಲುಪದು. ಸೆನ್ಸರು ಚಿಕ್ಕದಾದ್ದರಿಂದ ಮುಖದ ಹಿನ್ನೆಲೆಯನ್ನು ಮಸುಕಾಗಿಸುವ ಆಸೆಯನ್ನೂ ಬಿಡಬೇಕು.

ಅದೇ ರಸ್ತೆಯ ಮುಂದಿನ ತುರಹಳ್ಳಿ ಕಾಡಿನಲ್ಲಿ ನವಿಲು ಕಂಡರೆ 3x ಜೂಮ್ ಸಾಲದು. ಪೆಟ್ಟಿಗೆಯ ಮೇಲೆ ದೊಡ್ಡಕ್ಷರದಲ್ಲಿ ಅಚ್ಚಾಗಿರುವ ‘ಡಿಜಿಟಲ್ ಜೂಮ್’ ಚಿತ್ರವನ್ನು ಕತ್ತರಿಸಿ ಹಿಗ್ಗಿಸುವ ತಂತ್ರವಷ್ಟೇ. ಮಟಮಟ ಮಧ್ಯಾಹ್ನ ಹಿಂಬದಿಯ ಪರದೆ ಕಾಣುವುದೂ ಕಷ್ಟ. ಕಣ್ಣಿಟ್ಟು ನೋಡುವ ಕಿಂಡಿ ಹೆಚ್ಚಿನ ಮಾದರಿಗಳಲ್ಲಿ ಇಲ್ಲ.

1 ಇಂಚು ಎಂದು ಕರೆಯುವ 13.2 × 8.8 ಮಿ.ಮೀ. ಸೆನ್ಸರಿನ ಸೋನಿ ಆರ್‌ಎಕ್ಸ್100 (2012) ಈ ಕೊರತೆಗಳನ್ನು ಬಹುಮಟ್ಟಿಗೆ ತಗ್ಗಿಸಿತು, ಬೆಲೆ ಏರಿಸಿ. ಅಷ್ಟರಲ್ಲಿ ಫೋನು ಬಂದಿತ್ತು. 2010ರಲ್ಲಿ ಜಪಾನಿನ ತಯಾರಕರು ಹತ್ತು ಕೋಟಿಗೂ ಹೆಚ್ಚು ಕಾಂಪ್ಯಾಕ್ಟ್ ಕ್ಯಾಮೆರಾ ರವಾನಿಸಿದ್ದರು. 2023ರಲ್ಲಿ ಅದು 20 ಲಕ್ಷಕ್ಕಿಂತ ಕೆಳಗಿತ್ತು. ಫೋನಿನೆದುರು ಇದಕ್ಕೆ ಉಳಿದಿರುವ ನಿಜವಾದ ಮೇಲುಗೈ ಆಪ್ಟಿಕಲ್ ಜೂಮ್ ಮತ್ತು ಕ್ಸೆನಾನ್ ಫ್ಲಾಶ್.

ಹಳೆಯದನ್ನು ಕೊಳ್ಳುವವರು ಆನ್ ಮಾಡಿ ಲೆನ್ಸು ತಡವರಿಸದೆ ಹೊರಬರುತ್ತದೆಯೇ ನೋಡಬೇಕು. ಸಂದಿಯಲ್ಲಿ ಮರಳಿನ ಕಣ ಹೊಕ್ಕಿದ್ದರೆ ದುರಸ್ತಿಯ ಖರ್ಚು ಕ್ಯಾಮೆರಾದ ಬೆಲೆಯನ್ನೇ ಮೀರಬಹುದು.